ಬಸ್ಸನ್ನು ಹಿಂದೆ ಹಾಕಬೇಕಿದ್ದ ಕಾರು

ಹೋದ ತಿಂಗಳು ತಂಗಿಯ ಮೊಮ್ಮಗಳ ಮದುವೆಗೆ ಸೀರೆ ತೆಗೆಯಲು ಕೊಳ್ಳೇಗಾಲಕ್ಕೆ ಹೋಗಿದ್ದೆವು. ಅಂಗಡಿಯವನು ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು, ಬೆರಳಲ್ಲಿ ಉಜ್ಜಿ ನನ್ನ ಮೂಗಿನ ಹತ್ತಿರ ತಂದ. "ಮೂಸ್ನೋಡಿ ಅಜ್ಜಿ, ಕೂದ್ಲು ಸುಟ್ಟ ವಾಸ್ನೆ ಬತ್ತದಲ್ಲ, ಅದೇ ಅಸ್ಲಿ ರೇಷ್ಮೆ" ಅಂದ. ವಾಸನೆ ಬಂತು. ನಾನು ಎದ್ದು ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮದುವೆಯ ಹುಡುಗಿ ಗಾಬರಿಯಿಂದ ನೀರು ತಂದಳು, ತಲೆ ಸುತ್ತು ಬಂತೇ ಎಂದು ಕೇಳಿದಳು. ತಲೆ ಸುತ್ತಲ್ಲ ಮಗಳೇ, ಸಿಟ್ಟು. ಐವತ್ತು ವರ್ಷ ದಾಟಿದರೂ ಆ ವಾಸನೆಗೆ ನನಗೆ ಬರುವುದು ಸಿಟ್ಟೇ.

ಅರವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ನಾನು ರಾಮಾಪುರದಲ್ಲಿದ್ದೆ. ಯಳಂದೂರಿನವಳು ನಾನು. ಮೈಸೂರಿನಲ್ಲಿ ನರ್ಸ್ ಟ್ರೈನಿಂಗ್ ಮುಗಿಸಿ ಸರ್ಕಾರಿ ಕೆಲಸ ಸಿಕ್ಕಿತೆಂದು ಹಿಗ್ಗಿದವಳನ್ನು ಕಾಡಿನಂಚಿಗೆ ತಂದು ಹಾಕಿದ್ದರು. ಒಂದು ಹೆಂಚಿನ ಮನೆ, ಒಂದು ಮಂಚ, ಒಂದು ಬೀರು ಔಷಧಿ, ನಾನು. ಇದಕ್ಕೆ ಹೆರಿಗೆ ಆಸ್ಪತ್ರೆ ಎಂದು ಬೋರ್ಡು. ಸುಸೂತ್ರವಾದ ಹೆರಿಗೆಯೆಲ್ಲ ನನ್ನ ಕೈಯಲ್ಲಿ ಆಗುತ್ತಿತ್ತು. ಕಷ್ಟದ್ದಾದರೆ ಹನೂರು ದಾಟಿ ಕೊಳ್ಳೇಗಾಲಕ್ಕೇ ಹೋಗಬೇಕು. ಹೊಟ್ಟೆ ಕೊಯ್ದು ಮಗು ತೆಗೆಯುವವರು ಅಲ್ಲಿಗಿಂತ ಹತ್ತಿರದಲ್ಲಿ ಇರಲಿಲ್ಲ.

ಅಲ್ಲಿಗೆ ಹೋಗಲು ಇದ್ದದ್ದು ಬೆಳಿಗ್ಗೆ ಒಂದು ಬಸ್ಸು, ಸಂಜೆಯ ಹೊತ್ತಿಗೆ ಒಂದು ಬಸ್ಸು, ಮತ್ತು ಚಿನ್ನಬಸಪ್ಪ ಸಾಹುಕಾರರ ಬಾಡಿಗೆ ಕಾರು. ಸಾಹುಕಾರರಿಗೆ ಹೊಲ ಇತ್ತು, ರೇಷ್ಮೆಗೂಡಿನ ವ್ಯಾಪಾರ ಇತ್ತು, ಕೊಳ್ಳೇಗಾಲದಲ್ಲಿ ನಾಲ್ಕು ಮಗ್ಗ ಇದ್ದವು. ಇಷ್ಟೆಲ್ಲ ಇದ್ದವರಿಗೆ ಬುದ್ಧಿಯನ್ನೂ ಕೊಟ್ಟರೆ ಬೇರೆಯವರಿಗೆ ಅನ್ಯಾಯವಾಗುತ್ತದೆಂದು ದೇವರು ಅದೊಂದನ್ನು ತಡೆಹಿಡಿದಿದ್ದ. ಮೈಸೂರಿನ ಯಾವುದೋ ಹರಾಜಿನಲ್ಲಿ ಕೊಂಡ ಕಪ್ಪು ವಿಲಾಯಿತಿ ಕಾರು ಅದು. ಐದು ಜನ ಕೂರುವ ಕಾರಿಗೆ ಹತ್ತು ಜನರನ್ನು ತುಂಬಿ, ಮೇಲೆ ಎರಡು ಮೂಟೆ ರಾಗಿ ಹೇರಿ, ಆಮೇಲೆ ಎಂಜಿನ್ನಿಗೆ ಶಕ್ತಿ ಸಾಲದು ಎಂದು ಕೊರಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕೊರಗಿಗೆ ಕಾರಣ ಬೆಳಗಿನ ಬಸ್ಸು. ರಾಮಾಪುರದ ಬಸ್ ಸ್ಟಾಪಿನಲ್ಲಿ ಒಂದು ಪದ್ಧತಿ ಇತ್ತು, ಅದಕ್ಕೆ 'ಬೀಡಿ ಬಿಡುವುದು' ಎನ್ನುತ್ತಿದ್ದರು. ಬಸ್ಸು ಹೊರಟ ಕೂಡಲೇ ಕಾರಿನ ಡ್ರೈವರ್ ಬೀಡಿ ಹಚ್ಚಬೇಕು. ಆ ಬೀಡಿ ಸೇದಿ ಮುಗಿಯುವವರೆಗೂ ಕಾರು ಜಾಗ ಬಿಡುವಂತಿಲ್ಲ. ಆಮೇಲೆ ಹೊರಟು, ಹನೂರಿಗೆ ಮುಂಚೆ ಸಿಗುವ ಅಜ್ಜೀಪುರದ ಹುಣಸೆ ತೋಪು ಬರುವುದರೊಳಗೆ ಬಸ್ಸನ್ನು ಹಿಂದೆ ಹಾಕಿದರೆ ಗೆದ್ದಂತೆ. ಅರ್ಧ ಬೀಡಿಗೆ ಹೊರಟು ಗೆದ್ದರೆ ಅದು ಗೆಲುವಲ್ಲ, ಕಳ್ಳಾಟ. ಗೆದ್ದವರಿಗೆ ಏನು ಸಿಗುತ್ತಿತ್ತು ಎಂದು ಕೇಳಬೇಡಿ. ಏನೂ ಸಿಗುತ್ತಿರಲಿಲ್ಲ. ಆ ವರ್ಷ ಮನುಷ್ಯರು ಚಂದ್ರನ ಮೇಲೆ ಕಾಲಿಡಲು ಹೊರಟಿದ್ದರು. ನಮ್ಮವರು ಅಜ್ಜೀಪುರ ಬರುವುದರೊಳಗೆ ಬಸ್ಸು ದಾಟಲು ಹೊರಟಿದ್ದರು.

ಸಂಕ್ರಾಂತಿಯ ಮಾರನೇ ದಿನ ಕಾರು ಪೂರ್ತಿ ಬೀಡಿ ಬಿಟ್ಟು ಹೊರಟು, ತೋಪಿನಲ್ಲಿ ಬಸ್ಸಿನ ಧೂಳು ಕುಡಿಯಿತು. ಬಸ್ಸಿನ ಕಿಟಕಿಯಿಂದ ಯಾರೋ ಕಬ್ಬಿನ ಸಿಪ್ಪೆ ಎಸೆದು ನಕ್ಕರಂತೆ. ಅಲ್ಲಿಂದ ಸಾಹುಕಾರರಿಗೆ ಹುಚ್ಚು ಹತ್ತಿತು.

ಡ್ರೈವರ್ ಮಾದೇವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತೆಳ್ಳಗಿನ, ನಗುಮುಖದ ಹುಡುಗ. ಸಾಹುಕಾರರನ್ನು 'ಬುದ್ದಿ' ಎನ್ನುವನು, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವನು. ಅವನ ಹೆಂಡತಿ ಚಿಕ್ಕತಾಯಿ. ಅವಳ ತವರು ನಮ್ಮ ಯಳಂದೂರಿನ ಪಕ್ಕದ ಹಳ್ಳಿ. ಆ ಸಲಿಗೆಗೆ ಊರಿನವರೆಲ್ಲ ನನ್ನನ್ನು ನರ್ಸಮ್ಮ ಅಂದರೆ ಅವಳು ನರ್ಸಕ್ಕ ಅನ್ನುವಳು. ಹಿಂದಿನ ವರ್ಷ ಮೊದಲ ಮಗು ಸತ್ತು ಹುಟ್ಟಿತ್ತು. ಈಗ ಮತ್ತೆ ಬಸುರಿ. ಹೊಟ್ಟೆ ಹೊತ್ತುಕೊಂಡೇ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ನನ್ನ ಜಗುಲಿಗೆ ಬಂದು ಕೂತರೆ ಅವಳ ಕೈಯಿಂದ ಹುಳಿಯ ವಾಸನೆ ಬರುತ್ತಿತ್ತು.

"ನರ್ಸಕ್ಕ, ಈ ಸಲ ಉಳ್ಕತದಾ?" ಎಂದು ಬಂದಾಗಲೆಲ್ಲ ಕೇಳುವಳು.

ನಾನು ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಮಗು ಅಡ್ಡ ಮಲಗಿತ್ತು. ವಾರ ಬಿಟ್ಟು ನೋಡಿದೆ, ಅಡ್ಡವೇ. ತಿಂಗಳು ತುಂಬುತ್ತ ಬಂದರೂ ಅಡ್ಡವೇ. ಅಡ್ಡ ಇರುವ ಮಗು ಈ ಮಂಚದ ಮೇಲೆ ಹುಟ್ಟುವುದಿಲ್ಲ. ನೋವು ಬರುವ ಮೊದಲೇ ಕೊಳ್ಳೇಗಾಲಕ್ಕೆ ಹೋಗಿ ಆಸ್ಪತ್ರೆಯಲ್ಲಿ ಇದ್ದುಬಿಡು ಎಂದೆ. ಮಾದೇವನನ್ನು ಕರೆಸಿ ಹೇಳಿದೆ.

"ನಮ್ಮ ಕಾರದಲ್ಲ ನರ್ಸಮ್ಮ" ಅಂದ ಅವನು. "ನೋವ್ಬಂದ್ರೆ ಒಂದೇ ಏಟ್ಗೆ ಕರ್ಕಂಡೋಯ್ತೀನಿ. ಆಸ್ಪತ್ರೆ ಜಗ್ಲೀಲಿ ಯಾಕ್ ಬಿದ್ದಿರ್ಬೇಕು ಇವ್ಳು?"

ಸಾಹುಕಾರರೂ ಅದನ್ನೇ ಅಂದರು. ಚಿಕ್ಕತಾಯಿಗೂ ಊರು ಬಿಟ್ಟು ಒಬ್ಬಳೇ ಇರಲು ಭಯ. ಹೀಗೆ ಆ ಹೊಟ್ಟೆಯೊಳಗಿನ ಕೂಸಿನ ಜೀವ ಆ ಕಪ್ಪು ಡಬ್ಬಿಯ ಕೈಗೆ ಹೋಯಿತು. ಅಲ್ಲಿಂದಾಚೆ ಅದರ ಎಂಜಿನ್ನಿನ ಆರೋಗ್ಯವನ್ನೂ ನಾನೇ ವಿಚಾರಿಸಿಕೊಳ್ಳುವ ಗತಿ ಬಂತು.

ಆ ಆರೋಗ್ಯ ಕೆಡಿಸಲು ಕೊಳ್ಳೇಗಾಲದಲ್ಲಿ ಒಬ್ಬ ವೈದ್ಯನಿದ್ದ. ಮಿಲಿಟರಿ ಮಣಿ. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು, ದೊಡ್ಡ ಮೀಸೆ, ಯುದ್ಧದ ಕಥೆಗಳು. ಮಿಲಿಟರಿಯಲ್ಲಿ ಅವನು ಮಾಡುತ್ತಿದ್ದದ್ದು ಅಡುಗೆ ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ತಿಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಮೊದಲು ಅವನು ಸೈಲೆನ್ಸರ್ ಕತ್ತರಿಸಿ ಬಿಸಾಕಿದ. ಹೊಗೆ ಹೋಗಲು ದಾರಿ ಸಲೀಸಾದರೆ ಎಂಜಿನ್ನಿಗೆ ಉಸಿರಾಡಲು ಸಲೀಸಂತೆ. ಕಾರಿನ ವೇಗ ಹೆಚ್ಚಿತೋ ಇಲ್ಲವೋ, ಊರಿನ ಕೋಳಿಗಳ ವೇಗ ಹೆಚ್ಚಿತು. ಕಾರು ಹನೂರು ಬಿಟ್ಟರೆ ರಾಮಾಪುರದಲ್ಲಿ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು.

ಆಮೇಲೆ ಪೆಟ್ರೋಲಿಗೆ ನುಸಿಗುಳಿಗೆ. ಹೌದು, ಸೀರೆ ಪೆಟ್ಟಿಗೆಯಲ್ಲಿ ಇಡುವ ಅದೇ ಬಿಳಿ ಗುಳಿಗೆ. ಅದು ಕರಗಿದರೆ ಪೆಟ್ರೋಲಿನ ಖಾರ ಹೆಚ್ಚುತ್ತದಂತೆ. ಸಾಹುಕಾರರು ಮನೆಯ ಬೀರುಗಳಲ್ಲಿದ್ದ ಗುಳಿಗೆಯನ್ನೆಲ್ಲ ಬಳಿದು ತಂದು ಟ್ಯಾಂಕಿಗೆ ಸುರಿದರು. ಕಾರು ಹೋದ ದಾರಿಯಲ್ಲೆಲ್ಲ ಹಳೇ ಪೆಟ್ಟಿಗೆ ತೆರೆದ ವಾಸನೆ. ಬಸ್ಸು ಮಾತ್ರ ಮುಂದೆಯೇ ಇತ್ತು. ಅವರ ಹೆಂಡತಿಯ ಮದುವೆ ಸೀರೆಗೆ ಹುಳ ಬಿತ್ತು. ಆಯಮ್ಮ ನನ್ನ ಹತ್ತಿರ ತಲೆನೋವಿನ ಮಾತ್ರೆಗೆ ಬಂದಾಗ ಅತ್ತುಕೊಂಡರು.

ಶಿವರಾತ್ರಿ ಕಳೆದ ಮೇಲೆ ಎಂಜಿನ್ನಿನ ತಲೆಭಾಗ ಬಿಚ್ಚಿ ಮೈಸೂರಿಗೆ ಹೊತ್ತುಕೊಂಡು ಹೋಗಿ ಲೇತಿನಲ್ಲಿ ಒಂದು ಪದರ ತರಿದು ತೆಗೆಸಿಕೊಂಡು ಬಂದರು. ತಲೆಭಾಗವನ್ನು ತೆಳ್ಳಗೆ ಮಾಡಿದರೆ ಒಳಗೆ ಪೆಟ್ರೋಲು ಗಾಳಿ ಎರಡೂ ಹೆಚ್ಚು ಇರುಕಿಕೊಂಡು, ಸಿಡಿಯುವಾಗ ಜೋರಾಗಿ ಸಿಡಿಯುತ್ತವಂತೆ. ಒಂದು ತಲೆ ತರಿಯಬೇಕಾಗಿದ್ದುದು ನಿಜ, ಅದು ಎಂಜಿನ್ನಿನದಲ್ಲ. ನಮ್ಮ ಕಡೆಯ ಬಿಸಿಲಿಗೂ ಆಗಿನ ಪೆಟ್ರೋಲಿಗೂ ಆ ಇರುಕು ಒಗ್ಗಲಿಲ್ಲ. ಏರು ಬಂದರೆ ಸಾಕು, ಒಳಗಿಂದ ಟಕಟಕಟಕ ಎಂದು ಯಾರೋ ಸುತ್ತಿಗೆಯಲ್ಲಿ ಬಡಿಯುವ ಸದ್ದು. ಒಂದು ದಿನ ನಾನೇ ಅದರಲ್ಲಿ ಕೂತು ಹನೂರಿಗೆ ಹೋದಾಗ ಕೇಳಿದ್ದೇನೆ. "ಅದೇನದು ಸದ್ದು?" ಎಂದರೆ ಸಾಹುಕಾರರು ಹೆಮ್ಮೆಯಿಂದ ತಿರುಗಿ, "ಸಕ್ತಿ ನರ್ಸಮ್ಮ, ಸಕ್ತಿ!" ಅಂದರು.

ಆಮೇಲೆ ಬಂತು ನಗುವ ಗ್ಯಾಸು. ಒಂದು ಮಧ್ಯಾಹ್ನ ಸಾಹುಕಾರರು ನನ್ನ ಜಗುಲಿಗೆ ಬಂದು, ಯಾರೂ ಇಲ್ಲವೆಂದು ನೋಡಿಕೊಂಡು, ಗುಟ್ಟಿನ ದನಿಯಲ್ಲಿ ಕೇಳಿದರು.

"ನರ್ಸಮ್ಮ, ಆಸ್ಪತ್ರೇಲಿ ನಗೋ ಗ್ಯಾಸು ಅಂತ ಒಂದದಂತಲ್ಲ?"

"ಇದೆ. ದೊಡ್ಡಾಸ್ಪತ್ರೆಗಳಲ್ಲಿ. ಆಪರೇಷನ್ ಮಾಡೋವಾಗ ನೋವು ಗೊತ್ತಾಗಬಾರದು ಅಂತ ಕೊಡ್ತಾರೆ. ಯಾಕೆ?"

"ಅದುನ್ನ ಎಂಜಿನ್‌ಗೆ ಬುಟ್ರೆ ಕುದ್ರೆ ಅಂಗೆ ಓಡ್ತದಂತೆ. ಯುದ್ದದಾಗೆ ಜರ್ಮನ್ನೋರು ಏರೋಪ್ಲೇನ್‌ಗೆ ಬುಡ್ತಿದ್ರಂತೆ. ಮಣಿ ಏಳ್ದ. ಒಂದ್ ಸಿಲಿಂಡ್ರು ಕೊಡ್ಸಿಕೊಡಿ."

ನನಗೆ ನಗು ಬಂತು, ಗ್ಯಾಸು ಇಲ್ಲದೆಯೇ. "ಇಲ್ಲಿ ನನಗೆ ಹತ್ತಿಯೇ ಸರಿಯಾಗಿ ಬರಲ್ಲ ಸಾಹುಕಾರ್ರೆ. ಆ ಗ್ಯಾಸು ನಿಮಗೆ ಬೇಡ. ಅದಿಲ್ಲದೆಯೇ ಊರೆಲ್ಲ ನಗ್ತಾ ಇದೆ" ಎಂದೆ.

ಅವರು ಮುನಿಸಿಕೊಂಡು ಎದ್ದು ಹೋದರು. ಮೈಸೂರಿಗೆ ಹೋಗಿ ಯಾವುದೋ ಆಸ್ಪತ್ರೆಯ ಹಿಂಬಾಗಿಲಲ್ಲಿ ವಿಚಾರಿಸಿ ಬೈಸಿಕೊಂಡು ಬಂದರು ಎಂದು ಆಮೇಲೆ ಕೇಳಿದೆ. ಮಣಿ ಹೇಳಿದ್ದು ಸುಳ್ಳಲ್ಲ ಎಂಬುದು ಎಷ್ಟೋ ವರ್ಷದ ಮೇಲೆ ನಮ್ಮ ಸೋದರಳಿಯ ವಿವರಿಸಿದಾಗ ತಿಳಿಯಿತು. ಆ ಗ್ಯಾಸು ಎಂಜಿನ್ನಿನೊಳಗಿನ ಬಿಸಿಗೆ ಒಡೆದು ಆಮ್ಲಜನಕ ಬಿಡುತ್ತದೆ. ಆಗ ಹೆಚ್ಚು ಪೆಟ್ರೋಲು ಉರಿಯುತ್ತದೆ. ಈಗ ಹೊರದೇಶಗಳಲ್ಲಿ ಬೀದಿಯ ಕಾರುಗಳಿಗೂ ಅದನ್ನು ಬಿಟ್ಟು ಓಡಿಸುವ ಶೋಕಿಲಾಲರಿದ್ದಾರಂತೆ. ಇರಲಿ. ಚಿನ್ನಬಸಪ್ಪನಂಥವರು ಎಲ್ಲ ದೇಶದಲ್ಲೂ ಹುಟ್ಟುತ್ತಾರೆ ಎಂದಷ್ಟೇ ಅದರ ಅರ್ಥ.

ಚಿಕ್ಕತಾಯಿಗೆ ಈ ಗ್ಯಾಸಿನ ಕಥೆ ಹೇಳಿ ನಗಿಸಿದೆ. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ನಮ್ಮಟ್ಟೀಲಿ ಒಲೆ ಉರ್ಯಾಕೆ ಊದುಗೊಳವೆ ಸಾಕು ನರ್ಸಕ್ಕ. ಇವ್ರಿಗೆ ಜರ್ಮನ್ನೋರೇ ಬಂದು ಊದ್ಬೇಕೇನೋ" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮೆಜ್ಮಾನ ಮನೇಲೂ ಅದೇ ಮಾತಾಡ್ತದೆ. ಎಷ್ಟು ಮೈಲಿ, ಎಷ್ಟು ಮೈಲಿ ಅಂತ. ಕೂಸ್ಗೊಂದು ಎಸ್ರು ಯೋಚ್ನೆ ಮಾಡು ಅಂದ್ರೆ ಬಾಯೇ ಬಿಡಕಿಲ್ಲ."

ಯುಗಾದಿ ಕಳೆದು ಅವಳಿಗೆ ದಿನ ಹತ್ತಿರ ಬಂತು. ನಾನು ಮುನಿಸು ಬದಿಗಿಟ್ಟು ಸಾಹುಕಾರರ ಮನೆಗೇ ಹೋದೆ. ಅವರು ಹಣೆ ತುಂಬ ವಿಭೂತಿ ಧರಿಸಿ ಪೂಜೆಯಿಂದ ಎದ್ದು ಬಂದಿದ್ದರು. "ಚಿಕ್ಕತಾಯಿ ಹೆರಿಗೆ ಆಗೋವರೆಗೂ ಎಂಜಿನ್ ಮುಟ್ಟಬೇಡಿ. ಹೇಗಿದೆಯೋ ಹಾಗೇ ಇರಲಿ. ಎರಡು ಜೀವದ ಪ್ರಶ್ನೆ" ಎಂದೆ. ಕೈ ಮುಗಿದು ಹೇಳಿದೆ. ಅಂಥವರಿಗೆ ಕೈ ಮುಗಿದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಮಾದಪ್ಪನಾಣೆ ಮುಟ್ಟಕಿಲ್ಲ ನರ್ಸಮ್ಮ" ಅಂದರು.

ಮುಟ್ಟಲಿಲ್ಲ. ಅದರ ಬಾಯಿಗೆ ಬಟ್ಟೆ ಕಟ್ಟಿದರು, ಅಷ್ಟೆ. ಎಂಜಿನ್ನಿಗೆ ಗಾಳಿ ಹೋಗುವ ಕಡೆ ಧೂಳು ಸೋಸುವ ಒಂದು ಭಾರದ ಡಬ್ಬಿ ಇರುತ್ತದೆ, ಏರ್ ಫಿಲ್ಟರ್. ಮಣಿಯ ಪ್ರಕಾರ ಅದು ಎಂಜಿನ್ನಿನ ಕತ್ತು ಹಿಸುಕುತ್ತಿತ್ತು. ಡಬ್ಬಿ ತೆಗೆದು ಬರಿಬಾಯಿ ಬಿಟ್ಟರೆ ಧೂಳು ಒಳಗೆ ಹೋಗುತ್ತದೆ. ಏನು ಮಾಡುವುದು? ಇಲ್ಲಿ ಸಾಹುಕಾರರ ಸ್ವಂತ ತಲೆ ಓಡಿತು. ರೇಷ್ಮೆಯೂರಿನವರಿಗೆ ರೇಷ್ಮೆಯೇ ಸರ್ವರೋಗಕ್ಕೂ ಮದ್ದು. ತಮ್ಮದೇ ಮಗ್ಗದಲ್ಲಿ ನೇಯ್ದ ತೆಳು ರೇಷ್ಮೆಯ ಒಂದು ತುಂಡು ತಂದು, ಗಾಳಿಗೆ ಪೆಟ್ರೋಲು ಬೆರೆಯುವ ಕಾರ್ಬೊರೇಟರಿನ ಬಾಯಿಗೆ ಹೊದಿಸಿ ದಾರದಿಂದ ಬಿಗಿಸಿದರು. ಗಾಳಿಗೆ ತಡೆಯಿಲ್ಲ, ಧೂಳಿಗೆ ದಾರಿಯಿಲ್ಲ. ಊರಿಗೆಲ್ಲ ತೋರಿಸಿದರು. ಹತ್ತಿಬಟ್ಟೆ ಕಟ್ಟೋರು ಬಡವರು ಕಣ್ರಿ, ಅಂದರಂತೆ. ನನಗೆ ತಿಳಿದದ್ದು ನಾಲ್ಕು ದಿನದ ಮೇಲೆ. ಓಡಿಹೋಗಿ ಕೇಳಿದರೆ, "ಆಣೆ ಇಟ್ಟಿದ್ದು ಎಂಜಿನ್ ಮುಟ್ಟಕಿಲ್ಲ ಅಂತ. ಇದು ಬಟ್ಟೆ ಅಲ್ವಾ?" ಅಂದರು. ಮಾದೇವ ಪಕ್ಕದಲ್ಲಿ ನಿಂತು ನಗುತ್ತಿದ್ದ. ಆ ಬಟ್ಟೆ ಕಟ್ಟಿದ ಮೇಲೆ ಕಾರು ಒಂದು ಸಲ ನಿಜಕ್ಕೂ ತೋಪಿನ ಹತ್ತಿರ ಬಸ್ಸಿನ ಹಿಂಬದಿಯವರೆಗೂ ಹೋಗಿತ್ತಂತೆ. ಆ ಸುಖದಲ್ಲಿ ಅವನಿಗೆ ಹೆಂಡತಿಯ ಹೊಟ್ಟೆ ಕಾಣುತ್ತಿರಲಿಲ್ಲ.

ವೈಶಾಖದ ಒಂದು ಬೆಳಿಗ್ಗೆ ಚಿಕ್ಕತಾಯಿಗೆ ನೋವು ಬಂತು. ನಾನು ಹೋಗಿ ನೋಡಿದೆ. ಮಗು ಅಡ್ಡವೇ ಇತ್ತು, ಎದೆಬಡಿತ ಚೆನ್ನಾಗಿತ್ತು. ಬಸ್ಸು ಬರುವ ಹೊತ್ತು. ಕಾರಿಗೆ ಹೇಳಿಕಳಿಸಲೇ ಇಲ್ಲ. ಇಬ್ಬರು ಹೆಂಗಸರ ನೆರವಿನಿಂದ ಅವಳನ್ನು ಬಸ್ ಸ್ಟಾಪಿಗೆ ನಡೆಸಿಕೊಂಡು ಬಂದೆ. ಕಂಡಕ್ಟರ್ ಒಳ್ಳೆಯ ಮನುಷ್ಯ, ಹಿಂದಿನ ಉದ್ದ ಸೀಟಿನವರನ್ನು ಎಬ್ಬಿಸಿ ಜಾಗ ಮಾಡಿಸಿದ. ಅವಳನ್ನು ಮಲಗಿಸಿಯೂ ಆಗಿತ್ತು.

ಆಗ ಕಾರು ಬಂತು. ಸಾಹುಕಾರರು ಮುಂದಿನ ಸೀಟಿನಿಂದ ಇಳಿದರು, ಬಿಳಿ ಪಂಚೆ, ಬಿಳಿ ಶಲ್ಯ.

"ಇಳ್ಸಿ ಅವ್ಳ. ನಮ್ಮ ಡ್ರೈವರ್ ಎಂಡ್ತಿ ಬಸ್ಸಲ್ಲಿ ಎರ್ಗೆಗೆ ಓದ್ಲು ಅಂದ್ರೆ ಸುತ್ತೂರ್ನೋರು ನನ್ ಮಕಕ್ಕೆ ಉಗೀತಾರೆ."

"ಸಾಹುಕಾರ್ರೆ, ಬಸ್ಸು ಹೊರಡೋಕೆ ನಿಂತಿದೆ. ಇವತ್ತೊಂದು ದಿನ ನಿಮ್ಮ ಮರ್ಯಾದೆ ಪಕ್ಕಕ್ಕಿಡಿ."

"ಬಸ್ಸು ಊರೂರ್ಗೂ ನಿಂತ್ಕಂಡು ಓಯ್ತದೆ ನರ್ಸಮ್ಮ. ನಾವು ಒಂದೇ ಉಸ್ರುಗೆ ಕೊಳ್ಳೇಗಾಲ. ಲೇ ಮಾದೇವ, ಎತ್ಕಳ್ಲಾ ನಿನ್ನೆಂಡ್ತಿಯ."

ಮಾದೇವ ನನ್ನನ್ನು ದಾಟಿ ಬಸ್ಸು ಹತ್ತಿ ಅವಳನ್ನು ಎತ್ತಿಕೊಂಡು ಬಂದ. ಗಂಡ ಹೆಂಡತಿಯನ್ನು ಎತ್ತಿಕೊಂಡರೆ ತಡೆಯುವವರು ಯಾರು? ನಾನು ಅವನ ಅಂಗಿ ಹಿಡಿದೆ, ಕಂಡಕ್ಟರನೂ ಬೇಡ ಅಂದ. ಸಾಹುಕಾರರು ಬಸ್ಸಿನ ಮೈಗೆ ಎರಡು ಸಲ ಬಡಿದು, "ನೀವ್ ಓಗ್ರಪ್ಪಾ, ದಾರೀಲಿ ಇಂದ್ಕಾಕ್ತೀವಿ" ಅಂದರು. ಬಸ್ಸು ಹೋಯಿತು. ನಾನು ಹಿಂದಿನ ಸೀಟಿನಲ್ಲಿ ಚಿಕ್ಕತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ.

ಕಾರು ಹೊರಡಲಿಲ್ಲ.

ಏನಾಯಿತೆಂದು ಮುಂದೆ ನೋಡಿದೆ. ಬಸ್ ಸ್ಟಾಪಿನಲ್ಲಿದ್ದ ಜನವೆಲ್ಲ ಸುತ್ತ ನಿಂತಿದ್ದರು. ಸಾಹುಕಾರರು ಅವರತ್ತ ಒಮ್ಮೆ ನೋಡಿ, ಡ್ರೈವರನತ್ತ ತಿರುಗಿ, "ಬಸ್ಸು ವಸಿ ಮುಂದ್ಕೋಗ್ಲಿ. ಅಚ್ಲಾ ಬೀಡಿಯ" ಅಂದರು.

ಮಾದೇವ ಹಚ್ಚಿದ. ಹಿಂದೆ ಹೆಂಡತಿ ಹಲ್ಲು ಕಚ್ಚಿ ನರಳುತ್ತಿದ್ದಾಳೆ, ಮುಂದೆ ಗಂಡ ಸ್ಟಿಯರಿಂಗ್ ಹಿಡಿದು ಬೀಡಿ ಸೇದುತ್ತಿದ್ದಾನೆ, ಬಸ್ಸಿಗೆ ನ್ಯಾಯವಾಗಿ ದಾರಿ ಬಿಡಬೇಕಲ್ಲ! ಹಿಂದೆ ಹಾಕಬೇಕೆಂದರೆ ಮುಂದೆ ಏನಾದರೂ ಇರಬೇಕು. ಒಂದು ಕ್ಷಣ ನನಗೆ ನಡೆಯುತ್ತಿರುವುದು ನಂಬಲಾಗಲಿಲ್ಲ. ಆಮೇಲೆ ಮುಂದಕ್ಕೆ ಬಗ್ಗಿ ಅವನ ಬಾಯಿಯ ಬೀಡಿಯನ್ನು ಕೈಯಿಂದ ಹೊಡೆದು ಉರುಳಿಸಿದೆ. "ಹೊರಡೋ ಪಾಪಿ!" ಎಂದು ಕಿರುಚಿದೆ. ಜನ ನಕ್ಕರು. ಸಾಹುಕಾರರಿಗೆ ಬೇಜಾರಾಯಿತು. "ಅರ್ದ ಬೀಡಿಗೆ ಒರಟ್ರೆ ಲೆಕ್ಕಕ್ಕಿಲ್ಲ" ಎಂದು ಗೊಣಗಿದರು.

ದಾರಿಯೆಲ್ಲ ಧೂಳು, ಬಿಸಿಲು, ಸೈಲೆನ್ಸರ್ ಇಲ್ಲದ ಎಂಜಿನ್ನಿನ ಆರ್ಭಟ. ಚಿಕ್ಕತಾಯಿ ನನ್ನ ಕೈ ಹಿಡಿದಿದ್ದಳು, ನೋವು ಬಂದಾಗ ಉಗುರು ಊರುತ್ತಿದ್ದಳು. ಅಜ್ಜೀಪುರದ ತೋಪು ಕಂಡಿತು. ಮುಂದೆ ಏರಿನಲ್ಲಿ ಬಸ್ಸಿನ ಧೂಳೂ ಕಂಡಿತು.

"ಅಗೋ! ಒತ್ಲಾ! ಪೂರ್ತಿ ಒತ್ಲಾ!" ಸಾಹುಕಾರರು ಸೀಟಿನಲ್ಲಿ ಎದ್ದು ಕೂತು ಡ್ಯಾಶ್‌ಬೋರ್ಡು ಬಡಿದರು.

ಮಾದೇವ ಒತ್ತಿದ. ಕಾರು ಒಮ್ಮೆ ಮುಂದಕ್ಕೆ ಹಾರಿತು. ಆಮೇಲೆ ಬಾನೆಟ್ಟಿನೊಳಗೆ ಪಟಾಕಿ ಸಿಡಿದಂತೆ ಒಂದು ಸದ್ದು, ಒಂದು ಕೆಮ್ಮು, ಮತ್ತೆ ಏನೂ ಇಲ್ಲ. ಕಾರು ಹಾಗೇ ಸದ್ದಿಲ್ಲದೆ ಉರುಳಿಕೊಂಡು ಹೋಗಿ ರಸ್ತೆ ಬದಿಯಲ್ಲಿ ನಿಂತಿತು. ಕಿಟಕಿಯಿಂದ ಕೂದಲು ಸುಟ್ಟ ವಾಸನೆ ಬಂತು. ಏರಿನ ಆಚೆಗೆ ಬಸ್ಸಿನ ಧೂಳು ಇಳಿದು ಹೋಯಿತು.

ಬಾನೆಟ್ ಎತ್ತಿದರು. ಎಂಜಿನ್ನಿನ ಎಳೆತಕ್ಕೆ ರೇಷ್ಮೆ ಹರಿದು ಒಳಗೆ ಹೋಗಿತ್ತು. ಕಾರ್ಬೊರೇಟರಿನ ಗಂಟಲಲ್ಲಿ ಸುತ್ತಿಕೊಂಡು, ಹಿಮ್ಮುಖವಾಗಿ ಸಿಡಿದ ಬೆಂಕಿಗೆ ಕರಿಕಾಗಿ, ಮುದ್ದೆಯಾಗಿ ಕೂತಿತ್ತು. ಮಾದೇವ ಬೆರಳು ಹಾಕಿ ಎಳೆದ, ಹಲ್ಲಲ್ಲಿ ಕಚ್ಚಿ ಎಳೆದ. ಅರ್ಧ ಬಂತು, ಅರ್ಧ ಒಳಗೇ ಉಳಿಯಿತು. ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಅವನ ಅಂಗಿ ಒದ್ದೆಯಾಯಿತು.

ಸಾಹುಕಾರರು ಬಂದ ಅರ್ಧವನ್ನು ಬೆರಳಲ್ಲಿ ಉಜ್ಜಿ ಮೂಸಿದರು. ನನ್ನ ಕಿಟಕಿಗೆ ಬಂದು ತೋರಿಸಿದರು. "ನೋಡಿ ನರ್ಸಮ್ಮ, ಉರ್ಕಂಡಿಲ್ಲ, ಬರೀ ಕರಿಕಾಗದೆ. ಅಸ್ಲಿ ರೇಷ್ಮೆ. ಬೇರೆ ಬಟ್ಟೆ ಆಗಿದ್ರೆ ಕಾರೇ ಬೆಂದೋಗದು."

ನನ್ನ ಬದುಕಿನಲ್ಲಿ ಎಷ್ಟೋ ಮೂರ್ಖರನ್ನು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ತನ್ನ ಸರಕನ್ನು ಹೊಗಳಿಕೊಂಡವನು ಅವನೊಬ್ಬನೇ.

ಬಿಸಿಲು ಏರಿತು. ದಾರಿಯಲ್ಲಿ ಒಂದು ಗಾಡಿಯಿಲ್ಲ. ಚಿಕ್ಕತಾಯಿಗೆ ನೀರು ಒಡೆಯಿತು. ನಾನು ನೋಡಿದಾಗ ಮಗುವಿನ ಪುಟ್ಟ ಕೈಯೊಂದು ಹೊರಗೆ ಬಂದಿತ್ತು. ಇನ್ನೇನು ಹೇಳಲಿ. ಆ ಕೈ ಬಂದಮೇಲೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆ ಬೆರಳು ಮುಟ್ಟಿದೆ. ಬೆಚ್ಚಗಿತ್ತು, ನನ್ನ ಬೆರಳನ್ನು ಹಿಡಿದುಕೊಂಡಿತು.

"ಏನಾಯ್ತು ನರ್ಸಕ್ಕ?" ಎಂದು ಚಿಕ್ಕತಾಯಿ ಕೇಳಿದಳು. ನಾನು ಏನೂ ಇಲ್ಲ ಎಂದೆ.

ಕೊನೆಗೆ ತಮಿಳುನಾಡಿನ ಗಡಿಯ ಪಾಲಾರ್ ಕಡೆಯಿಂದ ಬಿದಿರು ಹೇರಿಕೊಂಡ ಲಾರಿಯೊಂದು ತೆವಳಿಕೊಂಡು ಬಂತು. ತಮಿಳಿನ ಡ್ರೈವರ್, ವಯಸ್ಸಾದವನು. ಕಾರಿನೊಳಗೆ ಒಮ್ಮೆ ಇಣುಕಿದವನೇ, "ಅಯ್ಯೋ ತಾಯೀ! ಬಾಮ್ಮಾ, ಏರಮ್ಮಾ, ಬೇಗ" ಎಂದು ಕ್ಲೀನರನ್ನು ಬಿದಿರಿನ ಮೇಲೆ ಹತ್ತಿಸಿ ಮುಂದಿನ ಸೀಟು ಪೂರ್ತಿ ಬಿಟ್ಟುಕೊಟ್ಟ. ಸಾಹುಕಾರರು ಕಾರು ಬಿಟ್ಟು ಬರಲಿಲ್ಲ. "ನೀನೂ ಓದ್ರೆ ರಿಪೇರಿ ಯಾರ್ಲಾ ಮಾಡದು?" ಅಂದರು. ಆ ಮಾತಿಗೆ ಮಾದೇವ ನಿಂತ. ನಿಜವಾಗಿ ನಿಂತ, ಕಾರನ್ನೊಮ್ಮೆ ಲಾರಿಯನ್ನೊಮ್ಮೆ ನೋಡುತ್ತ. ನಾನು ಕುತ್ತಿಗೆಪಟ್ಟಿ ಹಿಡಿದು ಎಳೆದ ಮೇಲೆ ಫುಟ್‌ಬೋರ್ಡಿಗೆ ಹತ್ತಿದ.

ಕೊಳ್ಳೇಗಾಲ ಸೇರಿದಾಗ ಬೆಳಗಿನ ಬಸ್ಸು ಬಂದು, ಅದರ ಜನ ಸಂತೆ ಮುಗಿಸಿ, ಊಟ ಮಾಡಿ ಕೂತಿದ್ದರು. ಹನೂರು ದಾಟಿದ ಮೇಲೆ ಎಲ್ಲೋ ಆ ಪುಟ್ಟ ಬೆರಳು ನನ್ನ ಬೆರಳನ್ನು ಬಿಟ್ಟಿತ್ತು. ಡಾಕ್ಟರು ಚಿಕ್ಕತಾಯಿಯನ್ನು ಉಳಿಸಿದರು. ಗರ್ಭಕೋಶ ಒಡೆದಿದ್ದರಿಂದ ಅದನ್ನು ತೆಗೆಯಬೇಕಾಯಿತು. ಗಂಡುಮಗು. ಮೈಮೇಲೆ ಒಂದು ಗಾಯವೂ ಇರಲಿಲ್ಲ, ತುಂಬಿಕೊಂಡ ಮಗು.

ಮೂರನೇ ದಿನ ಸಾಹುಕಾರರು ಆಸ್ಪತ್ರೆಗೆ ಬಂದರು, ಕಿತ್ತಳೆಹಣ್ಣು ಹಿಡಿದುಕೊಂಡು. ನಾನು ರಜೆ ಹಾಕಿ ಅಲ್ಲೇ ಇದ್ದೆ. ಚಿಕ್ಕತಾಯಿ ಕಣ್ಣು ಬಿಟ್ಟುಕೊಂಡು ಚಾವಣಿ ನೋಡುತ್ತ ಮಲಗಿದ್ದಳು, ಮಾದೇವ ಕಾಲ ಬಳಿ ಕೂತಿದ್ದ. ಸಾಹುಕಾರರು ಹಣ್ಣು ಇಟ್ಟರು, ದೇವರಿಚ್ಛೆ ಅಂದರು, ತಮ್ಮ ಪಾಪವನ್ನೆಲ್ಲ ದೇವರ ಹೆಸರಿಗೆ ಬರೆದುಕೊಡುವವರು ಅಂದಂತೆ. ಆಮೇಲೆ ತಡೆಯಲಾರದೆ ಮಾದೇವನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ಲೇ, ಅವತ್ತು ನಿಲ್ಲೋಕ್ ಮುಂಚೆ ಸ್ಪೀಡ್ ಮುಳ್ಳು ಎಲ್ಲಿತ್ಲಾ?"

ಇವನಾದರೂ ಆ ಹಣ್ಣನ್ನು ಅವರ ಮುಖಕ್ಕೆ ಎಸೆಯುತ್ತಾನೆ ಎಂದುಕೊಂಡೆ. ಮಾದೇವ ತಲೆಯೆತ್ತಿದ. ಮೂರು ದಿನದಿಂದ ಅತ್ತು ಅತ್ತು ಊದಿದ್ದ ಮುಖ. ಆ ಮುಖದಲ್ಲಿ ಏನೋ ಒಂದು ಬೆಳಕಾಯಿತು.

"ಐವತ್ತೈದು ದಾಟಿತ್ತು ಬುದ್ದಿ. ಇನ್ನೊಂಚೂರು ಓಗಿದ್ರೆ ಅರವತ್ತು."

ಚಿಕ್ಕತಾಯಿ ಚಾವಣಿಯಿಂದ ಕಣ್ಣು ಇಳಿಸಿ ಗಂಡನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನರ್ಸಕ್ಕ, ಯಳಂದೂರ್ ಬಸ್ಸು ಎಷ್ಟೊತ್ಗದೆ?"

ಹೊಲಿಗೆ ಬಿಚ್ಚಿದ ಮೇಲೆ ನಾನೇ ಅವಳನ್ನು ಆ ಬಸ್ಸಿಗೆ ಹತ್ತಿಸಿದೆ. ಅವರವ್ವ ಬಂದಿದ್ದರು. ಸ್ವಲ್ಪ ದಿನ ತವರಲ್ಲಿ ಸುಧಾರಿಸಿಕೊಂಡು ಬರುತ್ತಾಳೆ ಎಂದು ಮಾದೇವ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಮಳೆಗಾಲ ಬಂತು, ರಾಗಿ ಬಿತ್ತಿದರು, ಮಳೆಗಾಲವೂ ಹೋಯಿತು. ಅವಳು ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಕರೆಯಲು ಹೋದ. ಸಾಹುಕಾರರು ಉದಾರವಾಗಿ, ಕಾರು ತಗೊಂಡೋಗಿ ಮರ್ಯಾದೆಯಾಗಿ ಕರ್ಕಂಡ್ ಬಾ ಅಂದರಂತೆ. ಅವನು ಆ ಕಾರಿನಲ್ಲೇ ಹೋದ. ಅವಳು ಹೊಸ್ತಿಲಿಗೆ ಬಂದು ಕಾರನ್ನು ನೋಡಿದಳು, ಅವನನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವತ್ತು ಸಂಜೆ ಮಾದೇವ ನನ್ನ ಜಗುಲಿಯ ಮುಂದೆ ಬಂದು ನಿಂತ. ಕೈಯಲ್ಲಿ ಹೆಂಡತಿಗೆಂದು ತಂದಿದ್ದ ಹೂವು ಬಾಡಿತ್ತು.

"ಈಗ ಗಾಡಿ ಸರ್ಯಾಗದೆ ನರ್ಸಮ್ಮ. ಫಿಲ್ಟ್ರೂ ಆಕ್ಸಿವ್ನಿ. ಒಂದ್ಕಡೆನೂ ನಿಲ್ಲನಿಲ್ಲ, ಯಳಂದೂರ್ಗಂಟ ಒಂದೇ ಉಸ್ರುಗೆ ಓಯ್ತು. ಆದ್ರೂ ಬರ್ನಿಲ್ವಲ್ಲ ಅವ್ಳು, ಯಾಕೆ?"

ನಾನೂ ಬಾಗಿಲು ಹಾಕಿಕೊಂಡೆ.